ಇನ್ನೊಂದೇ ಮದುವೆ

"ಎಡಕ್ಕೆ ಎರಡು ಹೆಜ್ಜೆ ಬನ್ನಿ ಸಾರ್. ಆ ಕಂಬದ ಪಕ್ಕ ನಿಂತ್ರೆ ವರನ ಮುಖ ಅರ್ಧ ಕತ್ತಲಾಗುತ್ತೆ."

ಛಾಯಾಗ್ರಾಹಕ ಕಿವಿಯ ಇಯರ್‌ಫೋನ್ ಒತ್ತಿಕೊಂಡ. "ನಾನು ಕಂಬದ ಪಕ್ಕ ಇರೋದು ಕೋಣೆ ಒಳಗಿಂದ ನಿನಗೆ ಹೇಗೆ ಕಾಣಿಸ್ತು?"

"ಕಾಣಿಸಬೇಕಾ? ಆರು ವರ್ಷದಿಂದ ಯಾವ ಛತ್ರಕ್ಕೆ ಹೋದ್ರೂ ನೀವು ನಿಲ್ಲೋದೇ ಕಂಬದ ಪಕ್ಕ."

ಅವನು ಎಡಕ್ಕೆ ಎರಡು ಹೆಜ್ಜೆ ಇಟ್ಟ. ಬೆಳಕು ಸರಿಯಾಗಿ ಬಿತ್ತು.

ಅವರದು ಇಬ್ಬರ ತಂಡ. ಅವನು ಹೊರಗೆ, ಅವಳು ವಧುವಿನ ಕೋಣೆಯಲ್ಲಿ. ಬೆಳಿಗ್ಗೆ ಫೋನ್ ಮಾಡಿ ಇಯರ್‌ಫೋನ್ ಕಿವಿಗೆ ಸಿಕ್ಕಿಸಿಕೊಂಡರೆ ಮದುವೆ ಮುಗಿಯುವವರೆಗೂ ಕರೆ ಕಡಿಯುತ್ತಿರಲಿಲ್ಲ. ಅವನಿಗೆ ಬೆಳಕು ಗೊತ್ತು, ಮನುಷ್ಯರು ಗೊತ್ತಿಲ್ಲ. ಯಾವ ಅತ್ತೆ ಮುನಿಸಿಕೊಂಡಿದ್ದಾಳೆ, ಯಾವ ಅಣ್ಣತಮ್ಮಂದಿರನ್ನು ಪಕ್ಕಪಕ್ಕ ನಿಲ್ಲಿಸಬಾರದು, ಯಾವ ಅಜ್ಜಿಯನ್ನು ಮೊದಲು ಕೂರಿಸದಿದ್ದರೆ ರಂಪವಾಗುತ್ತದೆ, ಇದೆಲ್ಲ ಅವಳ ಪಾಲಿನ ಕೆಲಸ. ಇಂದೂ ಅವಳು ಒಳಗೆ, ಅವನು ಹೊರಗೆ.

ತಿಂಗಳ ಹಿಂದೆ ಸ್ಟುಡಿಯೋದಲ್ಲಿ ಲೆನ್ಸ್ ಒರೆಸುತ್ತಾ, ತಲೆ ಎತ್ತದೆ ಹೇಳಿದ್ದಳು. "ಇನ್ನೊಂದೇ ಮದುವೆ ಸಾರ್. ಆಮೇಲೆ ನಾನು ಬೇರೆ ಊರಿಗೆ ಹೋಗ್ತಿದ್ದೀನಿ." ಹೇಳಿ, ಒರೆಸಿದ ಲೆನ್ಸನ್ನೇ ಮತ್ತೊಮ್ಮೆ ಒರೆಸಿದಳು.

ನಮ್ಮ ಮಹಾನುಭಾವ ಏನು ಹೇಳಿದ? "ಒಳ್ಳೇದಾಗ್ಲಿ" ಎಂದ. ಆಮೇಲೆ ಮೂವತ್ತು ದಿನ ಆ ಒಂದು ಮಾತಿಗಾಗಿ ತನ್ನನ್ನು ತಾನೇ ಶಪಿಸಿಕೊಂಡ.

ಆ ಇನ್ನೊಂದೇ ಮದುವೆ ಇದು. ಅವಳು ಹೋದರೆ ಕೆಲಸ ನಿಲ್ಲುತ್ತದೆ ಎಂಬುದೆಲ್ಲ ನೆಪ. ಅವಳ ದನಿಯಿಲ್ಲದ ಒಂದು ದಿನವನ್ನೂ ಅವನಿಂದ ಊಹಿಸಲಾಗುತ್ತಿರಲಿಲ್ಲ. ಹೋಗಬೇಡ ಎಂದು ಹೇಳಬೇಕಿತ್ತು. ಅದೂ ವಧುವಿನ ಕೋಣೆಯ ಬಾಗಿಲು ತೆರೆಯುವ ಮುಂಚೆ. ಆಮೇಲೆ ಮಾತಿಗೆ ಜಾಗವಿರುವುದಿಲ್ಲ. ಅದಕ್ಕಿನ್ನು ಅರ್ಧ ಗಂಟೆಯಷ್ಟೇ ಉಳಿದಿತ್ತು.

ವರ ತಾನೇ ಎದ್ದು ಬಂದು ನೀರಿನ ಲೋಟ ಕೊಟ್ಟ. "ಬೆಳಿಗ್ಗೆಯಿಂದ ನಿಂತೇ ಇದ್ದೀರ. ಕುಡೀರಿ. ನಿಮ್ಮ ಕೆಲಸದ ಬಗ್ಗೆ ತುಂಬ ಕೇಳಿದ್ದೀನಿ."

ಛಾಯಾಗ್ರಾಹಕ ಲೆನ್ಸಿನಲ್ಲಿ ಆ ಮುಖವನ್ನು ಎಡದಿಂದ ನೋಡಿದ, ಬಲದಿಂದ ನೋಡಿದ, ಕೆಳಗಿನಿಂದ ನೋಡಿದ. ಕೆಟ್ಟದಾಗಿ ಕಾಣುವ ಒಂದು ಕೋನವೂ ಸಿಗಲಿಲ್ಲ.

"ವರ ಹೇಗಿದ್ದಾರೆ?" ಕಿವಿಯಲ್ಲಿ ದನಿ ಕೇಳಿತು.

"ಒಳ್ಳೆಯವನ ಹಾಗೆ ಕಾಣ್ತಾನೆ."

"ಹೂಂ."

ಪ್ರತಿ ಮದುವೆಯಲ್ಲೂ ಕೇಳುವುದನ್ನೇ ಅವನೂ ಕೇಳಿದ. "ವಧು?"

ಮೊದಲು ಬಳೆಗಳ ಸದ್ದು ಕೇಳಿತು. "ಅಳಬಾರದು ಅಂತ ಹಠ ಹಿಡಿದು ಕೂತಿದ್ದಾಳೆ."

ಈಗ ಹೇಳಿಬಿಡಬೇಕು ಎಂದುಕೊಂಡ. ಎದೆ ತುಂಬ ಉಸಿರೆಳೆದುಕೊಂಡ.

"ಹೇಳಿ ಸಾರ್."

"ಅದು... ಫೋನಲ್ಲಿ ಚಾರ್ಜ್ ಇದೆಯಾ?"

"ಇದನ್ನ ಕೇಳೋಕೆ ಅಷ್ಟು ದೊಡ್ಡ ಉಸಿರು ಬೇಕಿತ್ತಾ?"

ಅಷ್ಟರಲ್ಲಿ ವರನ ಸೋದರಮಾವ ಬಂದು ಹೆಗಲು ತಟ್ಟಿದ. ಆತ ಆಗಲೇ ಹನ್ನೊಂದು ಫೋಟೊಗಳಲ್ಲಿ ನುಗ್ಗಿದ್ದ. ಇನ್ನೊಂದು ಬೇಕಂತೆ, ಕನ್ನಡಕ ತೆಗೆದು. ತೆಗೆದಾಯಿತು. ಹಾಕಿಕೊಂಡು ಮತ್ತೊಂದು. ಅದೂ ಆಯಿತು. ಛಾಯಾಗ್ರಾಹಕ ಗಡಿಯಾರ ನೋಡಿದ. ಹತ್ತು ನಿಮಿಷವೂ ಉಳಿದಿರಲಿಲ್ಲ.

ಕ್ಯಾಮೆರಾ ಎದೆಗವಚಿಕೊಂಡು ಹಿಂದಿನ ಮೆಟ್ಟಿಲ ಕಡೆ ಓಡಿದ. ಗೋಡೆಗೆ ಹಣೆ ಒತ್ತಿ ನಿಂತ.

"ಹೋಗಬೇಡ."

ಆ ಕಡೆ ಬಳೆಗಳ ಸದ್ದು ನಿಂತಿತು.

"ಕೇಳಿಸ್ತಾ? ಹೋಗಬೇಡ ಅಂದೆ. ಕೆಲಸಕ್ಕಲ್ಲ. ನನಗೆ ನೀನು ಬೇಕು. ನೀನಿಲ್ದೆ ನನ್ನ ಕೈಲಾಗಲ್ಲ."

"ಆರು ವರ್ಷ ಸಾರ್," ದನಿ ಸಣ್ಣದಾಗಿತ್ತು. "ಆರು ವರ್ಷ ಇದೇ ಕಿವಿಯಲ್ಲಿ ಇದ್ರಿ. ದೀಪ ಸರಿಸು, ಪರದೆ ಎಳಿ, ಅಜ್ಜೀನ ಕೂರಿಸು. ಇದೊಂದು ಬಿಟ್ಟು ಎಲ್ಲಾನೂ ಹೇಳಿದ್ರಿ."

"ಈಗ ಹೇಳ್ತಿದ್ದೀನಲ್ಲ!"

"ಹೋದ ತಿಂಗಳು ಕೇಳಿದ್ದೆನಲ್ಲ, ಆಗ ಹೇಳಬೇಕಿತ್ತು."

"ನೀನು ಕೇಳಲಿಲ್ಲ. ಹೋಗ್ತೀನಿ ಅಂತ ತಿಳಿಸಿದೆ ಅಷ್ಟೇ."

"ಅದು ಕೇಳಿದ್ದೇ ಸಾರ್. ನಿಮಗೆ ಬೆಳಕು ಬಿಟ್ಟು ಏನು ತಾನೇ ಗೊತ್ತಾಗುತ್ತೆ?" ನಗಲು ನೋಡಿದಳು, ಆಗಲಿಲ್ಲ. ಆಚೆ ಯಾರೋ ಬಾಗಿಲು ಬಡಿದರು. "ಹೊರಡೋ ಹೊತ್ತಾಯ್ತು. ಹೋಗಿ ನಿಂತ್ಕೊಳ್ಳಿ. ಕಂಬದ ಪಕ್ಕ ಬೇಡ."

ಅವನು ಓಡಿದ. ಜನರನ್ನು ತಳ್ಳಿ, ಸೋದರಮಾವನ ಕಾಲು ತುಳಿದು, ಕೋಣೆಯ ಎದುರು ಮಂಡಿಯೂರಿ ಕ್ಯಾಮೆರಾ ಎತ್ತಿದ. ಬಾಗಿಲು ತೆರೆಯಿತು. ಎಲ್ಲ ಮದುವೆಗಳಲ್ಲೂ ಮೊದಲು ಅವಳು ಹೊರಬರುತ್ತಿದ್ದಳು, ಹಿಮ್ಮುಖವಾಗಿ, ವಧುವಿನ ಫೋಟೊ ತೆಗೆಯುತ್ತಾ. ಇಂದು ವಧುವಿನ ಮುಂದೆ ಯಾರೂ ಇರಲಿಲ್ಲ.

ಹೂವಿನ ನಡುವೆ ವಧು ತಲೆ ಎತ್ತಿ ನೇರವಾಗಿ ಲೆನ್ಸನ್ನು ನೋಡಿದಳು. ಅವಳ ತುಟಿ ಅಲುಗಿತು, ಅವನ ಕಿವಿಯಲ್ಲಿ ದನಿ ಕೇಳಿಸಿತು: "ಅಳಬೇಡಿ ಸಾರ್, ಫೋಕಸ್ ತಪ್ಪುತ್ತೆ."