ಬೈ-ಟು ಕಾಫಿಯ ದಾರ

ಈ ಸಲ ನನ್ನ ಮಣಿಕಟ್ಟಿನ ಮೇಲೆ ಒಂದೆಳೆ ದಾರವೂ ಇರಲಿಲ್ಲ. ಯಾರದ್ದೇ ಆಗಲಿ, ಪುಕ್ಕಟೆ ತಿಂದರೆ ಕುಡಿದರೆ ಅವರ ಕೈಯಿಂದ ನಮ್ಮ ಕೈಗೆ ದಾರ ಬೀಳುತ್ತದೆ. ಹಾಗೆ ತಿನ್ನುವುದನ್ನು ಬಿಟ್ಟು ವರ್ಷವಾದರೆ ತಾನಾಗಿ ಉದುರುತ್ತದೆ. ದಾರವಿದ್ದವರು ಸ್ವಾವಲಂಬಿಗಳಲ್ಲ, ಅವರಿಗೆ ವಿದ್ಯಾರ್ಥಿವೇತನವಿಲ್ಲ. ಅಮ್ಮನ ದಾರ ಉದುರಲೆಂದು ನಾನು ಬೇಕರಿಯಲ್ಲಿ ದುಡಿದು, ಯುಗಾದಿಯ ದಿನವೂ ಅವಳ ಹೋಳಿಗೆಯ ಎದುರು ಕೂತು ನನ್ನ ಡಬ್ಬಿಯ ಚಿತ್ರಾನ್ನ ತಿಂದಿದ್ದೆ. ತಟ್ಟೆ ಎತ್ತಿಕೊಂಡು ಒಳಗೆ ಹೋದ ಅಮ್ಮ ಮತ್ತೆ ಹೊರಗೆ ಬಂದಿರಲಿಲ್ಲ.

ವಿದ್ಯಾರ್ಥಿವೇತನದ ಕಚೇರಿಯಲ್ಲಿ ಬೆಳಿಗ್ಗೆಯಿಂದ ನನ್ನನ್ನು ಕಾಯಿಸುತ್ತಿದ್ದ ಗುಮಾಸ್ತ ಸಿದ್ದಗಂಗಯ್ಯನವರಿಗೆ ಮಧ್ಯಾಹ್ನ ಕಾಫಿ ಬಂತು.

“ಸುಸ್ತಾಗಿದ್ದೀಯಲ್ಲಮ್ಮ. ತಗೋ, ಬೈ-ಟು ಮಾಡೋಣ,” ಎಂದು ಅರ್ಧ ಸುರಿದು ಕಿಟಕಿಯಿಂದ ಲೋಟ ಚಾಚಿದರು. ಹಿರಿಯರು ಕೊಟ್ಟಿದ್ದನ್ನು ಬೇಡವೆನ್ನಲಾಗದೆ ಒಂದು ಗುಟುಕು ಕುಡಿದೆ.

“ಎಲ್ಲಿ, ಈಗ ಕೈ ತೋರಿಸು.”

ತೋರಿಸಿದೆ. ಅವರ ಮಣಿಕಟ್ಟಿನಿಂದ ನನ್ನ ಮಣಿಕಟ್ಟಿಗೆ ಹೊಸ ದಾರವೊಂದು ಜೋಲುತ್ತಿತ್ತು.

“ಇದೇನಮ್ಮ, ದಾರ ಇದೆಯಲ್ಲ!”

“ಸಾರ್, ಅದು ನಿಮ್ಮದೇ!”

“ಯಾರದ್ದಾದ್ರೇನು, ರೂಲ್ಸು ರೂಲ್ಸೇ. ನಾನೇನೋ ಬಾಯಿಮಾತಿಗೆ ತಗೋ ಅಂದ್ರೆ ನೀನು ಕುಡಿದೇ ಬಿಡೋದಾ? ಮುಂದಿನ ವರ್ಷ ಬಾ.”

ಅರ್ಜಿಯ ಮೇಲೆ ‘ತಿರಸ್ಕೃತ’ ಎಂಬ ಸೀಲು ಒತ್ತಲು ಅವರು ಕೈ ಎತ್ತಿದಾಗ ದಾರ ಎಳೆದು ನನ್ನ ಕೈಯೂ ಮೇಲೆದ್ದಿತು. ಅವರು ಕುಕ್ಕಿದಾಗ ಅದೂ ಬಿತ್ತು.

ಉಳಿದ ಕಾಫಿಯನ್ನು ಅವರೆದುರೇ ನಿಂತು ಕೊನೆಯ ಹನಿಯವರೆಗೆ ಕುಡಿದೆ. ಹೊರಗೆ ಬಂದು ಅಮ್ಮನಿಗೆ ಫೋನ್ ಮಾಡಿದೆ.

“ಹೋಳಿಗೆ ಮಾಡಮ್ಮ. ಬರ್ತಾ ಇದ್ದೀನಿ.”