ಅಜ್ಜಿಯ ಪಾಲಿನ ನೀರು

ಒಂದೂರಿನಲ್ಲಿ ಒಬ್ಬಳು ಹುಡುಗಿಯಿದ್ದಳಂತೆ, ಆದರೆ ಆ ಹುಡುಗಿಗೆ ಊರೇ ಇರಲಿಲ್ಲವಂತೆ. ಅಜ್ಜಿಯಾಗಿದ್ದರೆ ಕಥೆಯನ್ನು ಹೀಗೇ ಎತ್ತಿಕೊಳ್ಳುತ್ತಿದ್ದಳು. ಬ್ಯಾಂಕಿನಲ್ಲಿದ್ದ ಅಪ್ಪನಿಗೆ ವರ್ಗವಾದಲ್ಲೆಲ್ಲ ಗಂಟುಮೂಟೆಗಳ ಜೊತೆ ತಾನೂ ಒಂದು ಗಂಟಾಗಿ ಹೋಗಿ ಬೆಳೆದ ಆ ಹುಡುಗಿ ಜಾಹ್ನವಿ, ಈಗ ವಿಶಾಖಪಟ್ಟಣದಲ್ಲಿ ಒಂದು ಬಸ್ಸಿನೊಳಗೆ ಕಣ್ಣಿಗೆ ಕಪ್ಪು ಬಟ್ಟೆ ಕಟ್ಟಿಸಿಕೊಂಡು ಕೂತಿದ್ದಳು.

ಪ್ರಾಣಿಗಳು ದಾರಿ ಕಂಡುಕೊಳ್ಳುವ ಬಗೆಯನ್ನು ಅಭ್ಯಾಸ ಮಾಡುವ ಎಳೆಯ ಸಂಶೋಧಕರ ಸಮ್ಮೇಳನ ಅದು; ಜಾಹ್ನವಿಯ ಪಾಲಿಗೆ ಬಂದದ್ದು ಇರುವೆ. ಪಾರಿವಾಳ, ಕಡಲಾಮೆ, ಜೇನ್ನೊಣ ಎಂದು ಪ್ರಬಂಧ ಓದಿ ಓದಿ ದಣಿದವರಿಗೆ ಕೊನೆಯ ಮಧ್ಯಾಹ್ನ ಒಂದು ಆಟ. ಪಾರಿವಾಳಗಳಿಗೆ ತಾವು ಮಾಡುವುದನ್ನೇ ತಮಗೆ ತಾವು ಮಾಡಿಕೊಳ್ಳುವುದು. ಕಣ್ಣು ಕಟ್ಟಿ, ಸುತ್ತುಬಳಸಿನ ದಾರಿಯಲ್ಲಿ ಎಲ್ಲಿಗೋ ಒಯ್ದು ಇಳಿಸುತ್ತಾರೆ. ಹೊರಟ ಕಡಲದಂಡೆಯ ಹೋಟೆಲನ್ನೇ ಮನೆ ಎಂದುಕೊಂಡು, ಅದು ಯಾವ ಕಡೆಗಿದೆ ಎಂದು ಕೈ ಮಾಡಿ ತೋರಿಸಬೇಕು.

ಊರಂಚಿನ ಪೆಂದುರ್ತಿಯ ಒಂದು ಖಾಲಿ ಸೈಟಿನಲ್ಲಿ ಇಳಿಸಿದರು. ಬಾವಲಿಗಳ ಬೆನ್ನು ಹತ್ತಿರುವ ಮೈಸೂರಿನ ಶ್ರೀವತ್ಸ ದಿಕ್ಸೂಚಿ ಹಿಡಿದು ನಿಂತಿದ್ದ.

"ಎಲ್ರೂ ಹೆಚ್ಚುಕಮ್ಮಿ ಸಮುದ್ರದ ಕಡೆ ತೋರಿಸಿದ್ರು ಕಣ್ರೀ. ನೀವೊಬ್ರೇ ಹಿಂಗೆ. ಎಲ್ಲಿ, ಇನ್ನೊಂದ್ಸಲ?"

ಗಿರಗಿರ ತಿರುಗಿಸಿ ನಿಲ್ಲಿಸಿದ. ಜಾಹ್ನವಿಯ ಕೈ ಮತ್ತೆ ಅಲ್ಲಿಗೇ ಹೋಯಿತು. ಇನ್ನೊಮ್ಮೆ ತಿರುಗಿಸಿದ. ಮತ್ತೆ ಅಲ್ಲಿಗೇ.

"ನೈರುತ್ಯ! ತಪ್ಪಾದ್ರೂ ಎಂಥಾ ನಿಯತ್ತಿನ ತಪ್ಪು ರೀ ಇದು. ಇರುವೆ ಹಿಂದೆ ಅಲೆದೂ ಅಲೆದೂ ನಿಮಗೂ ಮೀಸೆ ಮೊಳೆತಿದೆಯಾ ನೋಡ್ಲಾ?" ಎಂದು ನಗುತ್ತ ಕಣ್ಣಿನ ಬಟ್ಟೆ ಬಿಚ್ಚಿದ. "ಆ ಕಡೆ ಏನಿದೆ?"

"ವಿಜಯವಾಡ."

"ಅದು ರೈಲಲ್ಲಿ ಆರು ಗಂಟೆ ದಾರಿ! ಅಲ್ಲಿ ಯಾರಿದಾರೆ?"

"ಅವ್ವ" ಎಂದುಬಿಟ್ಟಳು.

"ಅಯ್ಯೋ, ಮೊದ್ಲೇ ಹೇಳ್ಬಾರ್ದಾ? ಇಷ್ಟು ಹತ್ರ ಬಂದು ನೋಡ್ದೆ ಹೋಗ್ತೀರಾ? ಪಾಪ, ಕಾಯ್ತಿರ್ತಾರೆ."

"ಹೂಂ. ಕಾಯ್ತಿದ್ದಾಳೆ."

ಜಾಹ್ನವಿ ಇನ್ನೂ ಚಿಕ್ಕವಳು, ಅಪ್ಪ ವಿಜಯವಾಡದಲ್ಲಿದ್ದಾಗ ಅವ್ವ ಎರಡೇ ದಿನದ ಜ್ವರಕ್ಕೆ ತೀರಿಕೊಂಡಿದ್ದಳು. ಅವರಲ್ಲಿ ಸುಡುವುದಿಲ್ಲ, ಹೂಳುತ್ತಾರೆ. ಅಲ್ಲಿನ ತೆಲುಗು ಜಂಗಮರು ತಮ್ಮ ರುದ್ರಭೂಮಿಯಲ್ಲಿ ಜಾಗ ಕೊಟ್ಟರು. ಹಾವೇರಿ ಕಡೆಯಿಂದ ಹೊರಟ ಅಜ್ಜಿ ಬಂದು ಮುಟ್ಟುವಷ್ಟರಲ್ಲಿ ಮಣ್ಣಾಗಿ ಹೋಗಿತ್ತು. ಮಗಳ ಬಾಯಿಗೆ ಕಡೆಯ ಗುಟುಕು ನೀರನ್ನು ತನ್ನ ಕೈಯಾರೆ ಬಿಡಲಾಗಲಿಲ್ಲ ಎಂಬ ಸಂಕಟ ಮುದುಕಿಯನ್ನು ಇಂದಿಗೂ ಬಿಟ್ಟಿಲ್ಲ. ಮೊಣಕಾಲು ಸೋತ ಮೇಲೆ ಮೊಮ್ಮಗಳ ಕೈ ಹಿಡಿದು ಭಾಷೆ ತೆಗೆದುಕೊಂಡಿದ್ದಳು: "ನನ್ನ ಪಾಲಿನ ನೀರ ನೀ ಹಾಕಿ ಬಾರವ್ವಾ." ಜಾಹ್ನವಿ ಹೂಂಗುಟ್ಟಿದ್ದಳು. ಒಂದು ವರ್ಷ ಪರೀಕ್ಷೆ, ಒಂದು ವರ್ಷ ಇರುವೆ. ನೆಪಗಳಿಗೇನು ಬರ. ನಿಜವೆಂದರೆ, ತಾನು ಮತ್ತೆ ಹೋಗಿ ನೋಡದಿರುವವರೆಗೆ ಅವ್ವ ಆ ಊರಿನ ಯಾವುದೋ ಬೀದಿಯಲ್ಲಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಸಾರಿಗೆ ಒಗ್ಗರಣೆ ಕೊಡುತ್ತಲೇ ಇರುತ್ತಾಳೆ.

ಮರುದಿನ ಬೆಳಗಿನ ರೈಲಿಗೆ ಹೊರಟಳು.

ರುದ್ರಭೂಮಿಯ ಕಾವಲುಗಾರ "ನೇನು ಕೊತ್ತಮ್ಮಾ" ಎಂದು ಕೈಯಲ್ಲಾಡಿಸಿದ. ಅವನು ಹೊಸಬ, ಅವಳೂ ಹೊಸಬಳಿದ್ದಂತೆಯೇ. ಅಪ್ಪ ಅಂದು ತಲೆದೆಸೆಗೆ ಒಂದು ಬಿಲ್ವದ ಸಸಿ ನೆಟ್ಟಿದ್ದು ಮಾತ್ರ ನೆನಪು. ಈಗ ನೋಡಿದರೆ ಎಲ್ಲಿ ನೋಡಿದರಲ್ಲಿ ಬಿಲ್ವ. ಅವಳ ಇರುವೆಗಳ ಪಾಡೂ ಇದೇ. ಬಯಲೆಲ್ಲ ದಾಟಿ ಗೆರೆ ಎಳೆದಂತೆ ಗೂಡಿನ ಹತ್ತಿರಕ್ಕೆ ಬರುತ್ತವೆ; ಬಾಗಿಲು ಕಾಣದಿದ್ದರೆ ಅಲ್ಲೇ ಸುತ್ತು ಹಾಕುತ್ತವೆ, ಸುತ್ತನ್ನು ಹಿಗ್ಗಿಸುತ್ತ ಹೋಗುತ್ತವೆ. ಅವಳೂ ಕಲ್ಲುಗಳ ಮೇಲಿನ ಹೆಸರು ಓದುತ್ತ, ಅವ್ವನದಲ್ಲದ್ದನ್ನು ಬಿಡುತ್ತ ಸುತ್ತಿದಳು. ಬಿಸಿಲು ನೆತ್ತಿಗೇರಿತು. ಕೊನೆಗೆ ಹಿಂದಿನ ಗೋಡೆಯ ಪಕ್ಕದಲ್ಲಿ ಹೆಸರಿಲ್ಲದ, ಕಲ್ಲಿಲ್ಲದ ನಾಲ್ಕು ದಿಬ್ಬಗಳು ಉಳಿದವು. ಒಂದೊಂದರ ತಲೆಗೂ ಒಂದೊಂದು ಬಿಲ್ವ. ಅದರಲ್ಲೊಂದು ಅವ್ವನದು, ಯಾವುದು ಎಂಬುದನ್ನು ಹೇಳುವವರಿಲ್ಲ.

ಅಜ್ಜಿಗೆ ಫೋನು ಹಚ್ಚಿದಳು.

"ಮುಟ್ಟಿದ್ಯೇನ ಯವ್ವಾ?"

"ಮುಟ್ಟೇನಿ ಅಜ್ಜಿ. ಆದ್ರ ಗುರ್ತ ಹತ್ತವಲ್ದು. ನಾಕ ಅದಾವ. ಇಷ್ಟ ದೂರ ಬಂದು, ಅವ್ವನ ಕಳಕೊಂಡಂಗಾತು ನೋಡು."



"ನೀರ ಎಲ್ಲೀದು?"

"ಇಲ್ಲೇ ನಳದ್ದು. ಕೃಷ್ಣಾ ನೀರು."

"ಹಂಗಾರ ನಮ್ಮ ವರದಾ ಹೊಳೀನೂ ಅದರಾಗ ಬಂದಾಳ. ತಂಬಿಗಿ ತಂದೀಯಿಲ್ಲೋ?"

"ಬಾಟ್ಲಿ ಐತಿ ಅಜ್ಜಿ. ಸಮ್ಮೇಳನದಾಗ ಕೊಟ್ಟಿದ್ದು."

"ಸುಡುಗಾಡ ಬಾಟ್ಲಿ!" ಅಜ್ಜಿ ನಕ್ಕಳೋ ಅತ್ತಳೋ ತಿಳಿಯಲಿಲ್ಲ. "ಇರ್ಲಿ, ಹಾಕು. ನಾಕೂ ಮಂದಿಗೆ ಹಾಕು. ಆಜೂಬಾಜೂದವರನ್ನ ಬಿಟ್ಟು ನಿಮ್ಮವ್ವ ಒಬ್ಬಾಕಿನ ಯಾವತ್ತ ಕುಡದಾಳ?"

ಜಾಹ್ನವಿ ಬಾಟಲಿ ತುಂಬಿಕೊಂಡು ಬಂದಳು. ಚಪ್ಪಲಿ ಬಿಟ್ಟಳು. ಒಂದೊಂದು ದಿಬ್ಬದ ತಲೆದೆಸೆಗೂ ಮಂಡಿಯೂರಿ, ಒಣಗಿದ ಎಲೆಗಳನ್ನು ಬದಿಗೆ ಸರಿಸಿ, ಮಗುವಿಗೆ ಕುಡಿಸುವವಳಂತೆ ನಿಧಾನವಾಗಿ ನೀರು ಬಿಟ್ಟಳು.

"ಅವ್ವಾ, ನಾ ಬಂದೇನಿ."

ನಾಲ್ಕು ಸಲ ಅಂದಳು. ಒಂದು ಸಲವೂ ಸುಳ್ಳು ಹೇಳಿದಂತೆ ಅನ್ನಿಸಲಿಲ್ಲ.