ಬೆಚ್ಚಗಿನ ಟೈರು

ಸ್ಟ್ಯಾಂಡಿಗೆ ಕಟ್ಟಿದ್ದ ವಾರಗಿತ್ತಿಯ ಸೈಕಲ್ಲಿನ ಹಿಂದಿನ ಟೈರನ್ನು ಮುಟ್ಟಿದ ದೊಡ್ಡ ಸೊಸೆ ಚಕ್ಕನೆ ಕೈ ಎಳೆದುಕೊಂಡಳು. ಬಿಸಿ! ಬೇಸಿಗೆಯ ರೇಸಿಗೆ ಮೈ ಹದವಾಗಿರಲೆಂದು ಚಳಿಗಾಲವಿಡೀ ಇಬ್ಬರೂ ಮನೆಯೊಳಗೇ, ನಿಂತಲ್ಲೇ ಪೆಡಲ್ ತುಳಿಯುತ್ತಿದ್ದರು; ತುಳಿದಷ್ಟೂ ಹಿಂದಿನ ಟೈರು ಸ್ಟ್ಯಾಂಡಿನ ಉರುಳೆಗೆ ಉಜ್ಜಿ ಬಿಸಿಯಾಗುತ್ತಿತ್ತು. ಇವತ್ತು ತಾನು ಏಳುವ ಮೊದಲೇ ಅವಳು ತುಳಿದು ಮುಗಿಸಿದ್ದಾಳೆ! ದೊಡ್ಡವಳು ವಾರಗಿತ್ತಿಯ ಕೋಣೆಯತ್ತ ತಿರುಗಿ ಕೂಗಿದಳು.

"ಕದ್ದುಮುಚ್ಚಿ ಅಭ್ಯಾಸ ಮಾಡ್ತೀಯೇನೇ?"

ಆಗಷ್ಟೇ ಹಾಸಿಗೆಯಿಂದ ಎದ್ದುಬಂದ ಚಿಕ್ಕವಳು ಮೂಗೊರೆಸಿಕೊಂಡಳು. "ನಾನಾ? ಎರಡು ದಿನದಿಂದ ಜ್ವರ ಅಕ್ಕಾ." ಅನುಮಾನ ಬಂದು ದೊಡ್ಡವಳ ಸೈಕಲ್ಲಿನ ಟೈರನ್ನೂ ಮುಟ್ಟಿ ನೋಡಿದಳು. "ನಿಮ್ದೂ ಬೆಚ್ಚಗಿದೆಯಲ್ಲ!"

ದೊಡ್ಡವಳು ಇವತ್ತಿನ್ನೂ ಸೈಕಲ್ ಹತ್ತಿರಲಿಲ್ಲ.

ಬಾಗಿಲಲ್ಲಿ ಅತ್ತೆ ಕುತ್ತಿಗೆಯ ಬೆವರು ಒರೆಸಿಕೊಳ್ಳುತ್ತ ನಿಂತಿದ್ದರು. "ಇದರ ಸೀಟು ಹಿತ, ಅದರ ಪೆಡಲ್ ಹಗುರ," ಎಂದರು. "ರೇಸಿಗೆ ನಾನೂ ಹೆಸರು ಕೊಟ್ಟಿದ್ದೀನಿ ಕಣ್ರೇ. ಯಾರ ಸೈಕಲ್ ಕೊಡ್ತೀರಿ?"

ಸೊಸೆಯರಿಬ್ಬರೂ ಒಟ್ಟಿಗೇ ತಂತಮ್ಮ ಸೀಟು ಹಿಡಿದುಕೊಂಡರು.